ಮನೆ ಮಾರುವಾಗ ಬ್ರೋಕರ್‌ಗೆ ಎಕ್ಸ್‌ಟ್ರಾ ದುಡ್ಡು: ಕೊಡೋದಾದ್ರೆ ಯಾವ ಲೆಕ್ಕದಲ್ಲಿ?

ಮನೆ ಮಾರಾಟಕ್ಕಿಟ್ಟು ಆರು ತಿಂಗಳಾದರೂ ಗಿರಾಕಿ ಕುದುರದಿದ್ದಾಗ ಮಾಲೀಕರಿಗೆ ಮೊದಲು ಹೊಳೆಯೋದು ‘ಬ್ರೋಕರ್‌ಗೆ ಕಮಿಷನ್ ಜಾಸ್ತಿ ಮಾಡೋಣ’ ಅನ್ನೋದು. ಕೊಡೋದು ತಪ್ಪಲ್ಲ. ಆದರೆ ಲೆಕ್ಕ ಸರಿಯಿಲ್ಲದಿದ್ದರೆ ದುಡ್ಡು ನಿಮ್ಮದು, ಕೆಲಸ ಇನ್ಯಾರದೋ ಪರ ಆಗುತ್ತೆ.

ತಾಲೂಕು ಕೇಂದ್ರಗಳಲ್ಲಿ ಸಾಮಾನ್ಯವಾಗಿ ನಡೆಯೋದು ಶೇ 1ರಿಂದ 2ರಷ್ಟು ಕಮಿಷನ್. ಎಷ್ಟೋ ಬ್ರೋಕರ್‌ಗಳು ಮಾರುವವರು, ಕೊಳ್ಳುವವರು ಇಬ್ಬರ ಹತ್ತಿರವೂ ತಗೋತಾರೆ. ಇದು ರೂಢಿಯೇ ಹೊರತು ಕಾಯ್ದೆಯ ದರ ಅಲ್ಲ. 2016ರ ರೇರಾ ಕಾಯ್ದೆ ಪ್ರಕಾರ ಏಜೆಂಟ್ ನೋಂದಣಿ ಕಡ್ಡಾಯ ಇರೋದು ರೇರಾದಲ್ಲಿ ನೋಂದಣಿಯಾದ ಲೇಔಟ್, ಅಪಾರ್ಟ್‌ಮೆಂಟ್‌ಗಳ ಮಾರಾಟಕ್ಕೆ. ಊರೊಳಗಿನ ಹಳೇ ಮನೆ ಮಾರಿಸೋ ದಲ್ಲಾಳಿಗೆ ಅದು ತಟ್ಟಲ್ಲ. ಹಾಗಾಗಿ ನೀವಿಬ್ಬರೂ ಮಾತಾಡಿಕೊಂಡಿದ್ದೇ ದರ.

ಈಗ ಲೆಕ್ಕ ನೋಡಿ. 40 ಲಕ್ಷಕ್ಕೆ ಮನೆ ಹೋದರೆ ಶೇ 2ರಂತೆ ಬ್ರೋಕರ್‌ಗೆ 80 ಸಾವಿರ. 38 ಲಕ್ಷಕ್ಕೆ ಹೋದರೆ 76 ಸಾವಿರ. ನಿಮಗೆ 2 ಲಕ್ಷ ಲುಕ್ಸಾನು, ಅವರಿಗೆ ಬರೀ 4 ಸಾವಿರ. ಆ 4 ಸಾವಿರಕ್ಕೆ ಇನ್ನೆರಡು ತಿಂಗಳು ಪೆಟ್ರೋಲ್ ಸುಟ್ಟು ಗಿರಾಕಿ ಕರ್ಕೊಂಡು ಬರೋರು ಯಾರು? ‘ಮಾರ್ಕೆಟ್ ಡಲ್ ಇದೆ ಅಣ್ಣಾ, ಬಂದ ರೇಟಿಗೆ ಕೊಟ್ಬಿಡಿ’ ಅನ್ನೋ ಮಾತು ಹುಟ್ಟೋದು ಇಲ್ಲೇ. ಕಮಿಷನ್ ಶೇ 3 ಮಾಡಿದರೂ ವ್ಯತ್ಯಾಸ 4 ಸಾವಿರದ ಬದಲು 6 ಸಾವಿರ, ಅಷ್ಟೇ.

ಅದರ ಬದಲು ಹೀಗೆ ಮಾತಾಡಿ: 38 ಲಕ್ಷದವರೆಗೆ ಮಾಮೂಲಿ ಶೇ 2, ಅದರ ಮೇಲೆ ಬಂದ ಪ್ರತಿ ಲಕ್ಷಕ್ಕೆ 10 ಸಾವಿರ. 40ಕ್ಕೆ ಮಾರಿಸಿದರೆ ಅವರಿಗೆ 96 ಸಾವಿರ. ಶೇ 3 ಕೊಟ್ಟಿದ್ದರೆ 1.20 ಲಕ್ಷ ಆಗ್ತಿತ್ತು. ನಿಮಗೂ ಕಡಿಮೆ ಖರ್ಚು, ಅವರಿಗೂ ಚೌಕಾಸಿಯಲ್ಲಿ ಗಟ್ಟಿಯಾಗಿ ನಿಲ್ಲೋಕೆ ಕಾರಣ ಸಿಗುತ್ತೆ.

ಎಡವೋದು ಹೆಚ್ಚಾಗಿ ‘ನಂಗೆ 38 ಕೈಗೆ ಬಂದ್ರೆ ಸಾಕು, ಮೇಲಿಂದು ನಿಂದೇ’ ಅನ್ನೋ ಒಪ್ಪಂದದಲ್ಲಿ. ಕೇಳೋಕೆ ಸುಲಭ. ಮನೆ 43ಕ್ಕೆ ಹೋಯಿತು ಅಂದುಕೊಳ್ಳಿ. ಕ್ರಯಪತ್ರದಲ್ಲಿ 43 ಬರೆದರೆ ತೆರಿಗೆ ಲೆಕ್ಕ ಶುರುವಾಗೋದು ನಿಮ್ಮ ಹೆಸರಲ್ಲಿ 43ರಿಂದ. ಬಂಡವಾಳ ಲಾಭದ ಲೆಕ್ಕದಲ್ಲಿ ದಲ್ಲಾಳಿ ಖರ್ಚು ಕಳೆಯೋಕೆ ಅವಕಾಶ ಇದೆ ನಿಜ, ಆದರೆ ಕೊಟ್ಟಿದ್ದಕ್ಕೆ ದಾಖಲೆ ಬೇಕು. 5 ಲಕ್ಷಕ್ಕೆ ರಸೀದಿ ಬರೆದುಕೊಡೋ ದಲ್ಲಾಳಿ ಅಪರೂಪ. ಪತ್ರದಲ್ಲಿ 38 ಅಂತಲೇ ಬರೆದರೆ ಉಳಿದ 5 ಲಕ್ಷ ಲೆಕ್ಕಕ್ಕೆ ಸಿಗದ ಹಣ, ಸಹಿ ಮಾತ್ರ ನಿಮ್ಮದು.

ನಿಮಗೆ ಗೊತ್ತಿಲ್ಲದೆ ಬ್ರೋಕರ್ ನಡುವೆ ಲಾಭ ಹೊಡೆದರೆ 1872ರ ಕರಾರು ಕಾಯ್ದೆಯ 216ನೇ ಕಲಂ ಅಡಿ ಅದನ್ನು ನೀವು ಕೇಳಬಹುದು. ನೀವೇ ‘ಮೇಲಿಂದು ನಿಂದು’ ಅಂದಿದ್ದರೆ ಏನಂತ ಕೇಳ್ತೀರಿ?

ದುಡ್ಡು ಯಾವಾಗ ಕೊಡೋದು? ಬೇರೆ ಮಾತಾಗದಿದ್ದರೆ ಕೆಲಸ ಮುಗಿಯೋವರೆಗೆ ಏಜೆಂಟ್‌ಗೆ ಕೂಲಿ ಬಾಕಿ ಬೀಳಲ್ಲ ಅನ್ನುತ್ತೆ ಅದೇ ಕಾಯ್ದೆಯ 219ನೇ ಕಲಂ. ಅಗ್ರಿಮೆಂಟ್ ದಿನವೇ ಅರ್ಧ ಕೇಳೋದು ವಾಡಿಕೆ, ಆದರೆ ಅಡ್ವಾನ್ಸ್ ಕೊಟ್ಟ ಗಿರಾಕಿಗೆ ಬ್ಯಾಂಕ್ ಸಾಲ ಸಿಗದೆ ವ್ಯವಹಾರ ಮುರಿದು ಬೀಳೋದೂ ಉಂಟು. ಬೋನಸ್ ಭಾಗ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮುಗಿದ ಮೇಲೆ ಅಂತ ಒಂದು ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. ಕೊಡೋದು ಚೆಕ್ ಅಥವಾ ಯುಪಿಐನಲ್ಲೇ ಇರಲಿ. ಗಿರಾಕಿಯಿಂದ ನೀವು ಪಡೆಯೋ ಅಡ್ವಾನ್ಸ್ ಕೂಡ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಗದಲ್ಲಿ ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ನಾಲ್ಕೈದು ಬ್ರೋಕರ್‌ಗಳಿಗೆ ಹೇಳಿಟ್ಟಿದ್ದರೆ ಗಿರಾಕಿಯನ್ನು ಮೊದಲು ಕರ್ಕೊಂಡು ಬಂದವರು ಯಾರು ಅಂತ ತಾರೀಖು ಸಮೇತ ವಾಟ್ಸಾಪ್‌ನಲ್ಲಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ರಿಜಿಸ್ಟ್ರೇಷನ್ ದಿನ ಮೂವರು ಬಂದು ನಿಲ್ತಾರೆ.

ಬೋನಸ್ ಆಸೆ ತೋರಿಸೋ ಮೊದಲು ಕಾಗದ ಪತ್ರ ನೋಡಿಕೊಳ್ಳಿ. ಇ-ಖಾತಾ ಇಲ್ಲದೆ, ತೀರಿಕೊಂಡ ಅಪ್ಪನ ಹೆಸರಲ್ಲೇ ಖಾತೆ ಇಟ್ಟುಕೊಂಡು, ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಇಲ್ಲದೆ ಇರೋ ಮನೆಗೆ ಎಷ್ಟು ಕಮಿಷನ್ ಇಟ್ಟರೂ ಒಳ್ಳೇ ಗಿರಾಕಿ ಇಸಿ ತೆಗೆಸಿ ನೋಡಿ ವಾಪಸ್ ಹೋಗ್ತಾರೆ. ಅಂಥ ಕಡೆ ಬ್ರೋಕರ್‌ಗೆ ಕೊಡೋ 20 ಸಾವಿರವನ್ನು ಖಾತೆ ಬದಲಾವಣೆಗೆ, ವಕೀಲರ ಫೀಸಿಗೆ ಹಾಕೋದು ಮೇಲು.