‘ಇನ್ ಕಂಟ್ರೋಲ್’: ತಾಳ ಕಟ್ಟಿದವರ ಹೆಸರಿನಲ್ಲಿ ಬಂದ ರ‍್ಯಾಪ್ ಆಲ್ಬಂ

‘ಇನ್ ಕಂಟ್ರೋಲ್, ವಾಲ್ಯೂಮ್ 1’ ಅಮೆರಿಕದ ಹಿಪ್ ಹಾಪ್ ನಿರ್ಮಾಪಕ ಮಾರ್ಲಿ ಮಾರ್ಲ್ ಅವರ ಚೊಚ್ಚಲ ಆಲ್ಬಂ. 1988ರಲ್ಲಿ ಕೋಲ್ಡ್ ಚಿಲ್ಲಿನ್ ಸಂಸ್ಥೆ ಇದನ್ನು ಹೊರತಂದಿತು. ಹಿಪ್ ಹಾಪ್‌ನಲ್ಲಿ ನಿರ್ಮಾಪಕ ಎಂದರೆ ನಮ್ಮ ಗಾಂಧಿನಗರದ ಅರ್ಥದಲ್ಲಿ ಹಣ ಹೂಡುವವರಲ್ಲ. ತಾಳ ಕಟ್ಟಿ, ನಾದ ಹೊಂದಿಸಿ, ಧ್ವನಿಮುದ್ರಣ ನಡೆಸುವವರು. ಮುಖಪುಟದಲ್ಲಿ ರ‍್ಯಾಪರ್ ಹೆಸರು, ಒಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇವರ ಹೆಸರು ಎಂಬುದು ಅಂದಿನ ರೂಢಿ. ಈ ಆಲ್ಬಂ ಆ ಕ್ರಮವನ್ನು ತಿರುಗಿಸಿತು. ನಿರ್ಮಾಪಕರೇ ಮನೆಯ ಯಜಮಾನರು, ರ‍್ಯಾಪರ್‌ಗಳು ಅತಿಥಿಗಳು.

ಕನ್ನಡಿಗರಿಗೆ ಇದು ತೀರ ಅಪರಿಚಿತ ಏರ್ಪಾಡೇನಲ್ಲ. ಸಿ. ಅಶ್ವಥ್ ಅವರ ಭಾವಗೀತೆಗಳ ಕ್ಯಾಸೆಟ್ಟುಗಳಲ್ಲಿ ಕವಿತೆ ಕವಿಯದು, ಕಂಠ ಹಲವರದು. ಆದರೂ ಕೇಳುಗರು ಅವನ್ನು ಅಶ್ವಥ್ ಕ್ಯಾಸೆಟ್ಟು ಎಂದೇ ಕರೆದರು.

ಮಾರ್ಲ್ ಅವರ ನಿಜನಾಮ ಮಾರ್ಲನ್ ವಿಲಿಯಮ್ಸ್. ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಡ್ಜ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದವರು. 1984ರಲ್ಲಿ ‘ರಾಕ್ಸಾನ್ಸ್ ರಿವೆಂಜ್’ ಧ್ವನಿಮುದ್ರಣವಾದದ್ದು ಅವರ ಮನೆಯಲ್ಲೇ. ಬಟ್ಟೆ ಒಗೆಯಲು ಹೊರಟಿದ್ದ ಹದಿನಾಲ್ಕು ವರ್ಷದ ರಾಕ್ಸಾನ್ ಶಾಂಟೆಯನ್ನು ಕರೆದು ಹಾಡಿಸಿದ ಹಾಡದು. ಬಾಪೂಜಿ ನಗರದ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಬೀಟ್ ಕಟ್ಟುವ ಇಂದಿನ ಯುವಕನಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಆದರೆ ಅಂದು ಧ್ವನಿಮುದ್ರಣವೆಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು ಮಾಡುವ ಕೆಲಸವಾಗಿತ್ತು.

ಮಾರ್ಲ್ ಅವರ ನಿಜವಾದ ಕೊಡುಗೆ ತಾಂತ್ರಿಕವಾದದ್ದು. ಹಳೆಯ ಧ್ವನಿಮುದ್ರಿಕೆಯಿಂದ ಡ್ರಮ್ಮಿನ ಒಂದೊಂದೇ ಪೆಟ್ಟನ್ನು ಸ್ಯಾಂಪ್ಲರ್ ಯಂತ್ರಕ್ಕೆ ಎತ್ತಿಕೊಂಡು, ತಮಗೆ ಬೇಕಾದ ಕ್ರಮದಲ್ಲಿ ಅವನ್ನು ಮತ್ತೆ ಜೋಡಿಸುವ ವಿಧಾನವನ್ನು ಅವರು ಬೆಳಕಿಗೆ ತಂದರು. ಬೇರೊಂದು ಧ್ವನಿಯನ್ನು ಎತ್ತಿಕೊಳ್ಳಲು ಹೋದಾಗ ಡ್ರಮ್ಮಿನ ಪೆಟ್ಟೊಂದು ಆಕಸ್ಮಿಕವಾಗಿ ಸಿಕ್ಕಿಬಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಯಂತ್ರದ ಒಣ ಸದ್ದಿನ ಜಾಗಕ್ಕೆ ಚರ್ಮವಾದ್ಯದ ಜೀವಂತ ನಾದ ಬಂದದ್ದು ಹೀಗೆ.

ಆಲ್ಬಮ್ಮಿನ ಹತ್ತು ಹಾಡುಗಳಲ್ಲಿ ಬಿಜ್ ಮಾರ್ಕಿ, ಹೆವಿ ಡಿ, ಎಂ.ಸಿ. ಶಾನ್, ಟ್ರ್ಯಾಜಿಡಿ, ಶಾಂಟೆ ಮೊದಲಾದವರ ದನಿಗಳಿವೆ. ಎಲ್ಲವೂ ಒಂದೇ ಮಟ್ಟದವೆನ್ನಲಾಗದು. ಆದರೆ ‘ದಿ ಸಿಂಫನಿ’ಯ ಮಾತೇ ಬೇರೆ. ಓಟಿಸ್ ರೆಡ್ಡಿಂಗ್ ಅವರ ‘ಹಾರ್ಡ್ ಟು ಹ್ಯಾಂಡಲ್’ ಹಾಡಿನಿಂದ ಎತ್ತಿಕೊಂಡ ಪಿಯಾನೊ ತುಣುಕಿನ ಮೇಲೆ ಮಾಸ್ಟಾ ಏಸ್, ಕ್ರೇಗ್ ಜಿ, ಕೂಲ್ ಜಿ ರ‍್ಯಾಪ್, ಬಿಗ್ ಡ್ಯಾಡಿ ಕೇನ್ ಸರದಿಯಂತೆ ರ‍್ಯಾಪ್ ಮಾಡುತ್ತಾರೆ. ಮೊದಲಿಗರಾದ ಏಸ್ ಇಲ್ಲಿಗೆ ತಲುಪಿದ ದಾರಿಯೂ ಸ್ವಾರಸ್ಯಕರ: ರ‍್ಯಾಪ್ ಸ್ಪರ್ಧೆಯೊಂದರಲ್ಲಿ ಅವರು ಗೆದ್ದ ಬಹುಮಾನವೇ ಮಾರ್ಲ್ ಅವರೊಂದಿಗೆ ಆರು ಗಂಟೆಗಳ ಸ್ಟುಡಿಯೊ ಸಮಯ. ಹಲವರು ಸಾಲಾಗಿ ನಿಂತು ಪೈಪೋಟಿಗೆ ಬಿದ್ದವರಂತೆ ಹಾಡುವ ಬಗೆಗೆ ಈ ಹಾಡನ್ನೇ ಇಂದಿಗೂ ಮಾದರಿಯಾಗಿ ಹೆಸರಿಸುತ್ತಾರೆ.

ಎರಡನೆಯ ಸಂಪುಟ 1991ರಲ್ಲಿ ಬಂತು. ಮರುವರ್ಷ ಡಾ. ಡ್ರೆ ಅವರ ‘ದಿ ಕ್ರಾನಿಕ್’ ಇದೇ ದಾರಿ ಹಿಡಿದು, ಸ್ನೂಪ್ ಡಾಗ್ ಎಂಬ ಹೊಸಬರನ್ನು ಮನೆಮಾತಾಗಿಸಿತು.

ಬೆಂಗಳೂರಿನ ರ‍್ಯಾಪ್ ಲೋಕ ಬ್ರೋಧಾ ವಿ, ಸ್ಮೋಕಿ ದಿ ಘೋಸ್ಟ್ ಅವರ ಕಾಲದಿಂದಲೂ ರ‍್ಯಾಪರ್‌ಗಳ ಹೆಸರಿನಿಂದಲೇ ಪರಿಚಿತ. ಈ ನಗರದಲ್ಲಿ ಬೆಳಕಿಗೆ ಬಂದ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ 2024ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಸೇರಿತು. ಅದರಲ್ಲಿ ನಿರ್ಮಾಪಕ ಕಲ್ಮಿ ಅವರ ಹೆಸರೂ ಕಲಾವಿದರ ಸಾಲಿನಲ್ಲೇ ಇದೆ.