ಧ್ವಜದ ಚಕ್ರ ಯಾವುದರ ಚಿಹ್ನೆ? 1947ರ ನಿರ್ಣಯದ ಎರಡು ವಾಕ್ಯಗಳ ಪರಿಶೀಲನೆ

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಗಾಂಧೀಜಿಯ ಚರಕ ಬಾವುಟದಿಂದ ಇಳಿದು ಅದರ ಜಾಗಕ್ಕೆ ಅಶೋಕನ ಧರ್ಮಚಕ್ರ ಏರಿತು ಎಂಬ ಮಾತು ಭಾರತದ ರಾಷ್ಟ್ರಧ್ವಜವನ್ನು ಕುರಿತ ಬರವಣಿಗೆಯಲ್ಲಿ ಬಹುತೇಕ ಸಿದ್ಧಾಂತದ ಸ್ಥಾನ ಪಡೆದಿದೆ. ಚಳವಳಿಯ ಬಾವುಟ ಪ್ರಭುತ್ವದ ಧ್ವಜವಾಗಿ ಮಾರ್ಪಟ್ಟುದಕ್ಕೆ ಈ ಸ್ಥಾನಪಲ್ಲಟವನ್ನೇ ಸಾಕ್ಷಿಯಾಗಿ ಮುಂದಿಡುವುದು ವಾಡಿಕೆ. ಆದರೆ ಸಂವಿಧಾನ ರಚನಾ ಸಭೆ 1947ರ ಜುಲೈ 22ರಂದು ಅಂಗೀಕರಿಸಿದ ನಿರ್ಣಯದ ಪಠ್ಯ ಈ ವಾದಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಧ್ವಜದ ಪೂರ್ವಚರಿತ್ರೆಯನ್ನು ಅರುಂಧತಿ ವಿರ್ಮಾನಿ, ಸದನ್ ಝಾ ಮೊದಲಾದವರು ವಿಸ್ತಾರವಾಗಿ ನಿರೂಪಿಸಿರುವುದರಿಂದ ಇಲ್ಲಿ ಎರಡು ಘಟ್ಟಗಳನ್ನು ನೆನೆದರೆ ಸಾಕು. 1921ರಲ್ಲಿ ವಿಜಯವಾಡದಲ್ಲಿ ಪಿಂಗಳಿ ವೆಂಕಯ್ಯನವರು ಒಪ್ಪಿಸಿದ ಕೆಂಪು-ಹಸಿರು ವಿನ್ಯಾಸಕ್ಕೆ ಗಾಂಧೀಜಿ ಬಿಳಿಯ ಪಟ್ಟಿಯನ್ನು ಸೇರಿಸಿದರು. ಚರಕದ ಸಲಹೆ ಜಲಂಧರದ ಲಾಲಾ ಹಂಸರಾಜರದು. ಬಣ್ಣಗಳಿಗೆ ಮತಧರ್ಮಗಳ ಅರ್ಥ ಅಂಟಿಕೊಂಡು ವಿವಾದವೆದ್ದಾಗ 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿಯನ್ನು ನೇಮಿಸಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರೂ ಇದ್ದ ಈ ಸಮಿತಿ ಇಡೀ ಧ್ವಜ ಕೇಸರಿಯೊಂದೇ ಬಣ್ಣದಲ್ಲಿರಲೆಂದು ಶಿಫಾರಸು ಮಾಡಿದರೂ ಅದು ಮಾನ್ಯವಾಗಲಿಲ್ಲ. ಬದಲಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ನೀಲಿ ಚರಕವಿರುವ ಧ್ವಜ ಸ್ವೀಕೃತವಾಯಿತು. ಕೇಸರಿಗೆ ಧೈರ್ಯ-ತ್ಯಾಗ, ಬಿಳಿಗೆ ಸತ್ಯ-ಶಾಂತಿ ಎಂಬ ಇಂದಿನ ವಿವರಣೆಯ ಮೂಲ ಕಾಂಗ್ರೆಸ್ಸಿನ ಈ ನಿರ್ಣಯದಲ್ಲಿದೆಯೇ ಹೊರತು ಸಂವಿಧಾನ ರಚನಾ ಸಭೆಯ ನಿರ್ಣಯದಲ್ಲಿಲ್ಲ.

1947ರ ನಿರ್ಣಯ ಬಹು ಚಿಕ್ಕದು. ಅದು ಮೂರು ಬಣ್ಣಗಳನ್ನು ಹೆಸರಿಸುತ್ತದೆ, ಆದರೆ ಒಂದಕ್ಕೂ ಅರ್ಥ ಹೇಳುವುದಿಲ್ಲ. ಇಡೀ ಪಠ್ಯದಲ್ಲಿ ಅರ್ಥ ಹೇಳಿಸಿಕೊಂಡಿರುವುದು ಚಕ್ರ ಮಾತ್ರ, ಅದೂ ಎರಡು ಬೇರೆ ಬೇರೆ ವಾಕ್ಯಗಳಲ್ಲಿ. ಬಿಳಿ ಪಟ್ಟಿಯ ನಡುವೆ ಚರಕವನ್ನು ಪ್ರತಿನಿಧಿಸುವ ಕಡುನೀಲಿ ಚಕ್ರವಿರತಕ್ಕದ್ದು ಎಂಬುದು ಮೊದಲನೆಯದರ ತಾತ್ಪರ್ಯ. ಆ ಚಕ್ರದ ವಿನ್ಯಾಸ ಸಾರನಾಥದ ಅಶೋಕ ಸ್ತಂಭಶಿರದ ಫಲಕದಲ್ಲಿ, ಅಂದರೆ ನಾಲ್ಕು ಸಿಂಹಗಳ ಕಾಲಡಿಯಲ್ಲಿರುವ ದುಂಡುಪೀಠದಲ್ಲಿ, ಕಾಣುವ ಚಕ್ರದಂತಿರತಕ್ಕದ್ದು ಎಂಬುದು ಎರಡನೆಯದರದು. ಹೀಗೆ ಚಿಹ್ನೆ ಏನನ್ನು ಸೂಚಿಸುತ್ತದೆ ಎಂಬುದಕ್ಕೆ ಉತ್ತರ ಚರಕ. ಅದು ಹೇಗೆ ಕಾಣಬೇಕು ಎಂಬುದಕ್ಕೆ ಉತ್ತರ ಸಾರನಾಥ. ರೂಪ ಅಶೋಕನದು, ಅರ್ಥ ಗಾಂಧಿಯದು. ಪಠ್ಯದ ಮಟ್ಟದಲ್ಲಿ ಚರಕ ಪದಚ್ಯುತವಾಗಲಿಲ್ಲ, ವೇಷ ಬದಲಿಸಿತು ಎಂದು ಇದರಿಂದ ಹೇಳಬಹುದಾಗಿದೆ.

ನಿರ್ಣಯವನ್ನು ಮಂಡಿಸಿದ ಜವಾಹರಲಾಲ್ ನೆಹರೂ ಕೊಟ್ಟ ಕಾರಣವೂ ಈ ಓದಿಗೆ ಪೋಷಕವಾಗಿದೆ. ಹಳೆಯ ಚಿತ್ರದಲ್ಲಿ ಚರಕದ ಚಕ್ರ ಒಂದು ಕಡೆ, ಕದಿರು ಇನ್ನೊಂದು ಕಡೆ. ಬಟ್ಟೆಯ ಹಿಂಬದಿಯಿಂದ ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಚಕ್ರ ಕಂಬದ ಕಡೆಗೇ ಇರಬೇಕೆಂದರೆ ಎರಡೂ ಮಗ್ಗುಲಲ್ಲಿ ಅದನ್ನು ಸರಿಯಾಗಿ ಕೂರಿಸಲಾಗದು. ಆದ್ದರಿಂದ ಗೊಂದಲ ತರುವ ಕದಿರು ಮತ್ತು ದಾರವನ್ನು ಬಿಟ್ಟು, ಚರಕದ ಮುಖ್ಯಾಂಗವಾದ ಚಕ್ರವನ್ನಷ್ಟೇ ಉಳಿಸಿಕೊಳ್ಳಲಾಯಿತೆಂಬುದು ಅವರ ವಿವರಣೆ. ಬಾವುಟ ಹೊಲಿಯುವವನಿಗೆ ತಟ್ಟನೆ ಅರ್ಥವಾಗುವ ಈ ತೊಡಕನ್ನು ಸಾಂಕೇತಿಕತೆಯ ಚರ್ಚೆಗಳು ಸಾಮಾನ್ಯವಾಗಿ ಕಡೆಗಣಿಸಿವೆ.

ಈ ವಾದವನ್ನು ಅದರ ಮಿತಿಯೊಳಗೇ ಇಟ್ಟು ನೋಡಬೇಕಾಗುತ್ತದೆ. ನೆಹರೂ ಅದೇ ಭಾಷಣದಲ್ಲಿ ಅಶೋಕನ ಹೆಸರು ಧ್ವಜದೊಂದಿಗೆ ಸೇರಿದ್ದಕ್ಕೆ ಹರ್ಷ ವ್ಯಕ್ತಪಡಿಸಿದರು. ಅದೇ ದಿನ ಎಸ್. ರಾಧಾಕೃಷ್ಣನ್ ಚಕ್ರವನ್ನು ಧರ್ಮದ ಮತ್ತು ಚಲನೆಯ ಸಂಕೇತವಾಗಿ ವ್ಯಾಖ್ಯಾನಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಚಕ್ರದೊಳಗೆ ಸ್ವಸ್ತಿಕವಿರಲೆಂದು ತಿದ್ದುಪಡಿ ಸೂಚಿಸಿ, ವಿನ್ಯಾಸವನ್ನು ಕಣ್ಣಾರೆ ಕಂಡ ಮೇಲೆ ಅದನ್ನು ಕೈಬಿಟ್ಟರು. ಸಭೆಯ ಸದಸ್ಯರೆಲ್ಲ ಆ ಚಕ್ರದಲ್ಲಿ ಚರಕವನ್ನೇ ಕಂಡರೆಂದು ಹೇಳಲು ಆದ್ದರಿಂದ ಆಧಾರ ಸಾಲದು. ಗಾಂಧೀಜಿಯೂ ಇದರಿಂದ ಸಮಾಧಾನಗೊಳ್ಳಲಿಲ್ಲ. ಚರಕವಿಲ್ಲದ ಧ್ವಜಕ್ಕೆ ತಾವು ವಂದಿಸುವುದಿಲ್ಲವೆಂದು ಆಗಸ್ಟ್ ಮೊದಲ ವಾರದಲ್ಲಿ ನುಡಿದರು. ಚರಕದ ಉಲ್ಲೇಖ ಬರಿಯ ಸಮಾಧಾನದ ಮಾತೆಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೂ ಸಮಾಧಾನಕ್ಕೆಂದೇ ಸೇರಿಸಿದ ಮಾತೂ ನಿರ್ಣಯದೊಳಗೆ ಸೇರಿದ ಮೇಲೆ ನಿರ್ಣಯವೇ. ಸ್ಥಾನಪಲ್ಲಟ ನಡೆದಿದ್ದರೆ ಅದು ಪಠ್ಯದಲ್ಲಿ ನಡೆಯಲಿಲ್ಲ, ವ್ಯಾಖ್ಯಾನದಲ್ಲಿ ನಡೆಯಿತು ಎಂಬಷ್ಟೇ ಇಲ್ಲಿಯ ಪ್ರತಿಪಾದನೆ.

ವ್ಯಾಖ್ಯಾನ ಪಠ್ಯವನ್ನು ಮೀರಿ ಎಷ್ಟು ಬೆಳೆಯಬಲ್ಲದೆಂಬುದಕ್ಕೆ ಅರಗಳ ಪ್ರಸಂಗವೇ ಸಾಕು. ಚಕ್ರದ 24 ಅರಗಳು, ಎಂದರೆ ನಡುಗುಂಬದಿಂದ ಅಂಚಿಗೆ ಹೊರಟ ಕಡ್ಡಿಗಳು, ದಿನದ 24 ಗಂಟೆಗಳನ್ನೋ 24 ಸದ್ಗುಣಗಳನ್ನೋ ಸೂಚಿಸುತ್ತವೆಂದು ಮಕ್ಕಳಿಗೆ ಕಲಿಸಲಾಗುತ್ತದೆ. ನಿರ್ಣಯದಲ್ಲಿ 24 ಎಂಬ ಸಂಖ್ಯೆಯೇ ಇಲ್ಲ. ಅದು ಫಲಕದ ಚಕ್ರವನ್ನು ಅನುಸರಿಸಿದ್ದರಿಂದ ತಾನಾಗಿ ಬಂದದ್ದು. ಸಿಂಹಗಳ ತಲೆಯ ಮೇಲಿದ್ದ, ಈಗ ಚೂರುಗಳಷ್ಟೇ ಉಳಿದಿರುವ ದೊಡ್ಡ ಚಕ್ರಕ್ಕೆ 32 ಅರಗಳಿದ್ದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದನ್ನೇ ಮಾದರಿಯಾಗಿ ಆರಿಸಿಕೊಂಡಿದ್ದರೆ ಗಂಟೆಗಳ ವಿವರಣೆ ಹುಟ್ಟುತ್ತಲೇ ಇರಲಿಲ್ಲ.

ನಿರ್ಣಯ ಬಟ್ಟೆಯ ವಿಷಯದಲ್ಲೂ ಮೌನವಾಗಿದೆ. ನೆಹರೂ ಸಭೆಗೆ ತೋರಿಸಿದ ಎರಡು ಧ್ವಜಗಳು ಖಾದಿಯವು, ಒಂದು ರೇಷ್ಮೆಯದು, ಇನ್ನೊಂದು ಹತ್ತಿಯದು. ಮುಂದೆ ಕೈನೂಲಿನ ಕೈಮಗ್ಗದ ಬಟ್ಟೆಯೇ ನಿಯಮವಾಯಿತು. ಧಾರವಾಡ ಜಿಲ್ಲೆಯ ಗರಗದಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಬಂದು ಧ್ವಜವಾಗುತ್ತಿದ್ದ ಕಾಲದಲ್ಲಿ ಚಿತ್ರದಿಂದ ಮರೆಯಾದ ಕದಿರು ಪ್ರತಿ ನೂಲಿನಲ್ಲೂ ಇತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟ ಮೇಲೆ ಆ ಕೊಂಡಿಯೂ ಕಡ್ಡಾಯವಾಗಿ ಉಳಿದಿಲ್ಲ. ಚರಕ ಧ್ವಜದಿಂದ ದೂರವಾದ ದಿನಾಂಕವನ್ನು ಹುಡುಕುವವರು 1947ಕ್ಕಿಂತ ಈ ದಿನಾಂಕದ ಮೇಲೆ ಹೆಚ್ಚು ಗಮನವಿಡುವುದು ಉಚಿತವೆನಿಸುತ್ತದೆ.

ಚರಕವನ್ನು ಹೆಸರಿಸಿದ ವಾಕ್ಯ ಯಾರ ಲೇಖನಿಯಿಂದ ಬಂದಿತು, 1931ರಲ್ಲಿ ಅಷ್ಟು ಎಚ್ಚರದಿಂದ ಬಿಡಿಸಿ ಹೇಳಿದ ಬಣ್ಣಗಳ ಅರ್ಥವನ್ನು 1947ರಲ್ಲಿ ಏಕೆ ಕೈಬಿಡಲಾಯಿತು ಎಂಬ ಎರಡು ಪ್ರಶ್ನೆಗಳನ್ನು ನಿರ್ಣಯದ ಪಠ್ಯವೊಂದರಿಂದಲೇ ಬಗೆಹರಿಸಲಾಗದು. ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯ ಧ್ವಜ ಸಮಿತಿಯ ಕಾಗದಪತ್ರಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕಾಗಿದೆ.