ಜೀರ್ಣತೆಯ ಕಿರುರೂಪ

ಹಿಂದೆ ಬರೋಡಾ ಎನಿಸಿದ್ದ ವಡೋದರಾ ನಗರದಿಂದ ದಕ್ಷಿಣಕ್ಕೆ, ಮುಂಬಯಿಯ ಕಡೆಗೆ ಸಾಗುವ ರೈಲುಮಾರ್ಗದ ಬದಿಯಲ್ಲಿರುವ ಮಕರಪುರವು ಇಂದು ಕಾರ್ಖಾನೆಗಳ ಊರು. ಕೈಗಾರಿಕಾ ವಸಾಹತಿನ ಯಂತ್ರಗಳ ಸದ್ದಿನ ನಡುವೆ, ಗುಜರಿ ಅಂಗಡಿಗಳ ಮುಂದೆ ರಾಶಿಬಿದ್ದ ಲೋಹದ ಚೂರುಗಳ ನಡುವೆ ನಡೆದುಹೋಗುವವನಿಗೆ, ಒಂದೂವರೆ ಶತಮಾನದ ಹಿಂದೆ ಇದೇ ನೆಲವು ಗಾಯಕವಾಡ ಅರಸರ ಬೇಟೆಯ ಬೀಡಾಗಿದ್ದಿತೆಂಬುದು ಸುಲಭವಾಗಿ ಹೊಳೆಯಲಾರದು. ಮಲ್ಲಯುದ್ಧದಲ್ಲಿಯೂ ಮೃಗಯೆಯಲ್ಲಿಯೂ ಅತ್ಯಾಸಕ್ತನಾಗಿದ್ದ ಖಂಡೇರಾವ್ ಮಹಾರಾಜನು 1870ರಲ್ಲಿ ಇಲ್ಲಿ ಇಟಲಿಯ ಶೈಲಿಯ ಅರಮನೆಯೊಂದನ್ನು ಕಟ್ಟಿಸಿದನು. ಅದೇ ವರ್ಷದ ಕೊನೆಯಲ್ಲಿ ಅವನು ಕಾಲವಾದನು. ಅವನ ತರುವಾಯ ಪಟ್ಟಕ್ಕೆ ಬಂದ ತಮ್ಮ ಮಲ್ಹಾರರಾವ್ 1875ರಲ್ಲಿ ಪದಚ್ಯುತನಾದ ಮೇಲೆ, ಖಂಡೇರಾಯನ ವಿಧವೆ ಜಮನಾಬಾಯಿಯು ದತ್ತು ತೆಗೆದುಕೊಂಡ ಬಾಲಕನೇ ಮುಂದೆ ಮೂರನೆಯ ಸಯಾಜಿರಾವ್ ಎಂದು ವಿಖ್ಯಾತನಾದನು. ಆತನ ಕಾಲದಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಫೆಲೋಸ್ ಚಿಸಂ ಈ ಅರಮನೆಯನ್ನು ವಿಸ್ತರಿಸಿದನು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ಗೋಲ್ಡ್ರಿಂಗ್ ಅದರ ತೋಟಗಳನ್ನು ರೂಪಿಸಿದನು. ಮೂರು ಅಂತಸ್ತು, ನೂರರಷ್ಟು ಕೋಣೆ, ಕಮಾನುಗಳ ಸಾಲಿನ ಮೇಲೆ ಕಮಾನುಗಳ ಸಾಲು. ಆದರೂ ಆ ಸೌಧದಲ್ಲಿ ರಾಜಪರಿವಾರವು ಬಹುಕಾಲ ನೆಲೆಸಲಿಲ್ಲ. ಅರಸರ ಬೇಸಗೆಗಳು ಬರಬರುತ್ತ ಗಿರಿಧಾಮಗಳಲ್ಲಿಯೂ ಯೂರೋಪಿನ ಪ್ರವಾಸಗಳಲ್ಲಿಯೂ ಕಳೆಯತೊಡಗಿದುವು. ಸ್ವಾತಂತ್ರ್ಯಾನಂತರ ಆವರಣವು ವಾಯುಸೇನೆಯ ತರಬೇತಿ ಶಾಲೆಗೆ ಸೇರಿ, ಸಾಮಾನ್ಯರ ಕಣ್ಣಿಗೆ ಮರೆಯಾಯಿತು. ಇಟ್ಟಿಗೆ ಗಾರೆಗಳ ಮೇಲೆ ಮಳೆಗಾಲಗಳು ತಮ್ಮ ಬರಹವನ್ನು ಬರೆಯುತ್ತಲೇ ಬಂದಿವೆ.

ಇಂತಹ ಕಟ್ಟಡವನ್ನು, ಅಥವಾ ಬೇಲಿಯ ಪಕ್ಕದಲ್ಲಿ ಗಾಲಿ ಕುಸಿದು ನಿಂತ ಹಳೆಯ ಲಾರಿಯೊಂದನ್ನು, ಅದು ಇರುವ ಸ್ಥಿತಿಯಲ್ಲಿಯೇ, ಸಿಪ್ಪೆಯೆದ್ದ ಬಣ್ಣ, ಹಿಡಿದ ತುಕ್ಕು, ಬಿರುಕಿನಲ್ಲಿ ಚಿಗುರಿದ ಅರಳಿಯ ಸಸಿ ಇವುಗಳೊಡನೆ ಅಂಗೈಯಗಲದಲ್ಲಿ ಮರುಸೃಷ್ಟಿ ಮಾಡುವ ಕಲೆಯೊಂದು ಲೋಕದಲ್ಲಿ ಬೆಳೆದು ಬಂದಿದೆ. ಇದನ್ನು ಕೇವಲ ವಿರಾಮಕಾಲದ ವಿನೋದವೆಂದು ಬದಿಗೊತ್ತುವುದು ನನಗೆ ಸಮ್ಮತವಲ್ಲ. ಇದು ಇತಿಹಾಸವನ್ನು ಬರೆಯುವ ಒಂದು ಬಗೆ. ನಮ್ಮ ನಾಡಿನಲ್ಲಿ ಇನ್ನೂ ಬೇರೂರಬೇಕಾಗಿರುವ ಬಗೆ.

ಕಿರಿದಾಗಿ ಮಾಡುವ ಕಲೆಯೇನೋ ಗುಜರಾತಿನ ಮಣ್ಣಿಗೆ ಹೊಸತಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಶಿಕಾರಿಪುರ ರಂಗನಾಥ ರಾಯರು, ಅಹಮದಾಬಾದಿನ ದಕ್ಷಿಣಕ್ಕಿರುವ ಲೋಥಲ್‌ನ ದಿಬ್ಬವನ್ನು 1955ರಿಂದ ಮುಂದಕ್ಕೆ ಅಗೆಸಿದಾಗ, ಸಿಂಧೂ ನಾಗರಿಕತೆಯ ಆ ಪಟ್ಟಣದಲ್ಲಿ ಸುಟ್ಟ ಮಣ್ಣಿನ ಪುಟ್ಟ ದೋಣಿಗಳು ದೊರೆತುವು. ಅವುಗಳಲ್ಲೊಂದರಲ್ಲಿ ಹಾಯಿಯ ಕಂಬವನ್ನು ನಿಲ್ಲಿಸುವುದಕ್ಕೆಂದು ಮಾಡಿದ ರಂಧ್ರವೂ ಇದ್ದಿತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಪಟ್ಟಣದ ಮರದ ಹಡಗು ಒಂದೂ ಉಳಿದಿಲ್ಲ; ಅದರ ಆಕಾರವನ್ನು ನಾವು ಊಹಿಸುವುದು ಯಾವನೋ ಒಬ್ಬ ಅಜ್ಞಾತನ ಬೆರಳುಗಳು ಒತ್ತಿದ ಈ ಮಣ್ಣಿನ ಕಿರುರೂಪದಿಂದ. ದೊಡ್ಡದು ಅಳಿದು ಚಿಕ್ಕದು ಉಳಿಯುವ ಈ ಸಂಗತಿಯನ್ನು ಇತಿಹಾಸಾಸಕ್ತರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಆದರೆ ನಮ್ಮ ಪರಂಪರೆಯ ಕಿರುರೂಪಗಳೆಲ್ಲ ವಸ್ತುವಿನ ಪೂರ್ಣಸ್ಥಿತಿಯನ್ನೇ ತೋರುತ್ತವೆ. ಹೊಯ್ಸಳ ದೇಗುಲಗಳ ಭಿತ್ತಿಯಲ್ಲಿ ಕೆತ್ತಿದ ಕಿರುವಿಮಾನಗಳಲ್ಲಿ ಒಂದಾದರೂ ಕಳಶ ಮುರಿದುದಿಲ್ಲ. ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಗೃಹಿಣಿಯರು ರಾಗಿಯ ಪೈರು ಬೆಳೆಸಿ ಹೊಲ ಮಾಡುತ್ತಾರೆ, ಕನ್ನಡಿಯಿಟ್ಟು ಕೆರೆ ಮಾಡುತ್ತಾರೆ, ದಾರಿಯಲ್ಲಿ ಗಾಡಿಯನ್ನು ನಿಲ್ಲಿಸುತ್ತಾರೆ; ಆ ಗಾಡಿಯ ಅಚ್ಚು ಮುರಿದಿರುವುದಿಲ್ಲ. ಭಗ್ನಮೂರ್ತಿಯನ್ನು ಪೂಜೆಯಿಂದ ತೆಗೆದು ನೀರಿನಲ್ಲಿ ವಿಸರ್ಜಿಸುವ, ಶಿಥಿಲ ದೇವಾಲಯವನ್ನು ಜೀರ್ಣೋದ್ಧಾರ ಮಾಡಿದವನಿಗೆ ಅದನ್ನು ಕಟ್ಟಿಸಿದವನಿಗಿಂತ ಹೆಚ್ಚಿನ ಪುಣ್ಯವನ್ನು ಹೇಳುವ ಸಮಾಜದಲ್ಲಿ, ಭಗ್ನತೆಯನ್ನು ಭಗ್ನತೆಯಾಗಿಯೇ ಉಳಿಸಿ ನೋಡುವ ಆಸೆ ಮೂಡದಿದ್ದುದು ಸಹಜವೇ ಆಗಿದೆ. ಇದು ದೋಷವೆಂದು ನಾನು ಹೇಳುತ್ತಿಲ್ಲ. ಈ ಮನೋಧರ್ಮದಿಂದಲೇ ಎಷ್ಟೋ ಗುಡಿಗಳು ಉಳಿದುಬಂದಿವೆ.

ಬರೋಡೆಯ ಆಧುನಿಕ ಚರಿತ್ರೆಯಲ್ಲಿಯೂ ಇದೇ ಪೂರ್ಣತೆಯ ಆದರ್ಶವು ಮುಂದುವರಿಯಿತು. ಸಯಾಜಿರಾಯರು 1890ರಲ್ಲಿ, ತ್ರಿಭುವನದಾಸ ಗಜ್ಜರರ ನೇತೃತ್ವದಲ್ಲಿ, ಕಲಾಭವನವೆಂಬ ಶಿಲ್ಪೋದ್ಯಮ ಶಾಲೆಯನ್ನು ತೆರೆದರು. ಅಲ್ಲಿಗೆ ಬಂದು ಚಿತ್ರಕಲೆ, ಛಾಯಾಗ್ರಹಣ, ವಾಸ್ತು ಮತ್ತು ಮಾದರಿ ತಯಾರಿಕೆಗಳನ್ನು ಅಭ್ಯಾಸ ಮಾಡಿದ ತರುಣರಲ್ಲಿ ನಾಸಿಕದ ಸಮೀಪದ ತ್ರ್ಯಂಬಕೇಶ್ವರದಿಂದ ಬಂದ ಧುಂಡಿರಾಜ ಗೋವಿಂದ ಫಾಳ್ಕೆ ಒಬ್ಬರು. 1892ರ ಅಹಮದಾಬಾದಿನ ಕೈಗಾರಿಕಾ ಪ್ರದರ್ಶನಕ್ಕೆ ಅವರು ಆದರ್ಶ ನಾಟ್ಯಗೃಹವೊಂದರ ಮಾದರಿಯನ್ನು ನಿರ್ಮಿಸಿ ಕಳುಹಿಸಿ, ಸುವರ್ಣಪದಕವನ್ನು ಪಡೆದರು. ಇಪ್ಪತ್ತೊಂದು ವರ್ಷಗಳ ತರುವಾಯ ‘ರಾಜಾ ಹರಿಶ್ಚಂದ್ರ’ ಚಲನಚಿತ್ರವನ್ನು ತೆರೆಗೆ ತಂದು, 1917ರಲ್ಲಿ ‘ಲಂಕಾ ದಹನ’ವನ್ನು ಮಾಡಿ ತೋರಿಸಿದ ಆ ಮಹಾಶಯರ ಚಮತ್ಕಾರಗಳ ಹಿಂದೆ, ಪುಟ್ಟದನ್ನು ದೊಡ್ಡದೆಂದು ಕಣ್ಣಿಗೆ ನಂಬಿಸುವ ಬರೋಡೆಯ ಈ ಮೊದಲಿನ ಅಭ್ಯಾಸವು ಇದ್ದಿತೆಂದೇ ನನ್ನ ಭಾವನೆ.

ಪಾಳುಬಿದ್ದುದನ್ನು ಕಿರಿದಾಗಿ ರಚಿಸುವ ಎರಡನೆಯ ಪರಂಪರೆಯ ಮೂಲವನ್ನು ಅರಸಬೇಕಾದರೆ ಹದಿನೆಂಟನೆಯ ಶತಮಾನದ ರೋಮ್ ನಗರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಆಂಟೋನಿಯೋ ಕೀಕಿ ಮೊದಲಾದ ಕುಶಲಿಗಳು ಬಿರಡೆ ಮಾಡುವ ಕಾರ್ಕ್ ತೊಗಟೆಯನ್ನು ಕೊರೆದು ಪ್ರಾಚೀನ ರೋಮಿನ ಭಗ್ನಾವಶೇಷಗಳ ಪ್ರತಿಕೃತಿಗಳನ್ನು ಮಾಡಿ, ಪ್ರವಾಸಿ ಶ್ರೀಮಂತರಿಗೆ ಮಾರುತ್ತಿದ್ದರು. ತೊಗಟೆಯ ಮೈಮೇಲಿನ ತೂತುಗಳೇ ಗಾಳಿಮಳೆಗೆ ಸವೆದ ಸುಣ್ಣಗಲ್ಲಿನ ಭ್ರಾಂತಿಯನ್ನು ಹುಟ್ಟಿಸುತ್ತಿದ್ದುವು. ಲಂಡನ್ನಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್ ತನ್ನ ಮನೆಯಲ್ಲಿ ಇಂತಹ ಕಾರ್ಕ್ ಮಾದರಿಗಳನ್ನೂ, ಪ್ಯಾರಿಸ್ಸಿನ ಫೂಕೆ ಎಂಬುವನು ಬಿಳಿಯ ಗಚ್ಚಿನಲ್ಲಿ ಮಾಡಿದ ಮಾದರಿಗಳನ್ನೂ ಒಟ್ಟಿಗೆ ಇರಿಸಿದನು. ಕಾರ್ಕಿನವು ಕಟ್ಟಡದ ಭಗ್ನರೂಪವನ್ನು ತೋರಿದರೆ, ಗಚ್ಚಿನವು ಅದು ಹೊಚ್ಚ ಹೊಸದಾಗಿದ್ದಾಗಿನ ಕಲ್ಪಿತ ರೂಪವನ್ನು ತೋರುತ್ತವೆ. ಕಟ್ಟಡಕ್ಕೆ ಎರಡು ಸತ್ಯಗಳುಂಟು, ಎರಡನ್ನೂ ಕಾಪಾಡಬೇಕು ಎಂಬ ಆತನ ವಿವೇಕವು ಇಂದಿಗೂ ಅನುಕರಣೀಯವಾಗಿದೆ.

ಇಂತಹ ಕಿರುದೃಶ್ಯಗಳಿಗೆ ಇಂದು ಸಲ್ಲುವ ಡಯೊರಾಮಾ ಎಂಬ ಹೆಸರು ಮೊದಲಿಗೆ ಕಿರಿದಾದ ವಸ್ತುವಿನದೇ ಆಗಿರಲಿಲ್ಲ. ಲೂಯಿ ದಾಗೇರ್ ತನ್ನ ಸಹಚರನಾದ ಬೂತೋನನೊಡನೆ 1822ರ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಡಯೊರಾಮಾ, ಬೆಳಕು ಹಾಯುವ ಬೃಹತ್ ಚಿತ್ರಪಟಗಳ ಒಂದು ರಂಗಶಾಲೆಯಾಗಿದ್ದಿತು. ಪಟದ ಹಿಂದಿನ ಬೆಳಕನ್ನು ಮೆಲ್ಲಮೆಲ್ಲನೆ ಬದಲಿಸಿದಂತೆ ಹಗಲು ಇರುಳಾಗುತ್ತಿದ್ದಿತು. ಅವನು ತೋರಿದ ದೃಶ್ಯಗಳಲ್ಲಿ ಪ್ರಸಿದ್ಧವಾದುದು ಸ್ಕಾಟ್ಲೆಂಡಿನ ಹೋಲಿರೂಡ್ ಪ್ರಾರ್ಥನಾಮಂದಿರ: ಮಾಡು ಹಾರಿಹೋದ, ಬೆಳುದಿಂಗಳು ಸುರಿಯುವ ಪಾಳುಗೋಡೆಗಳು. ಅದೇ ವಿಷಯದ ಅವನ ತೈಲಚಿತ್ರವು ಲಿವರ್‌ಪೂಲಿನಲ್ಲಿದೆ. ದಾಗೇರನ ರಂಗಶಾಲೆಯು 1839ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಅವನ ಛಾಯಾಗ್ರಹಣ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಆ ಬಳಿಕ ವಸ್ತುಸಂಗ್ರಹಾಲಯಗಳಲ್ಲಿ, ಗಾಜಿನ ಹಿಂದೆ ಮೃಗಪಕ್ಷಿಗಳನ್ನು ಅವುಗಳ ನೆಲೆಯೊಡನೆ ತೋರಿಸುವ ದೃಶ್ಯಗಳಿಗೂ, ಕ್ರಮೇಣ ಮೇಜಿನ ಮೇಲಿನ ಪುಟ್ಟ ದೃಶ್ಯಗಳಿಗೂ ಡಯೊರಾಮಾ ಎಂಬ ಹೆಸರು ಸಂದಿತು. ಕ್ಯಾಲಿಫೋರ್ನಿಯದ ಜಾನ್ ಅಲೆನ್ ಎಂಬ ಛಾಯಾಗ್ರಾಹಕನು ತನ್ನ ಪುಟ್ಟ ರೈಲುಲೋಕದ ಹೊಸ ಬೋಗಿಗಳಿಗೆ ಬೇಕೆಂದೇ ಧೂಳನ್ನೂ ಮಸಿಯನ್ನೂ ತುಕ್ಕನ್ನೂ ಬಳಿದು, ಹೊಳಪಿನ ಆಟಿಕೆಗೂ ನಿಜವಾದ ವಾಹನಕ್ಕೂ ಇರುವ ಅಂತರವು ಬಳಕೆಯ ಗುರುತುಗಳಲ್ಲಿದೆ ಎಂಬುದನ್ನು ತೋರಿಸಿಕೊಟ್ಟನು. ಷಿಕಾಗೋದ ಷೆಪರ್ಡ್ ಪೇನ್, ಬೆಲ್ಜಿಯಂನ ಫ್ರಾನ್ಸ್ವಾ ವರ್ಲಿಂಡನ್ ಮುಂತಾದವರು 1970ರ ನಂತರ ಈ ವಿದ್ಯೆಯನ್ನು ಪುಸ್ತಕಗಳ ಮೂಲಕ ದೇಶದೇಶಗಳಿಗೆ ಹರಡಿದರು.

ಈ ವಿದ್ಯೆಯ ಒಳಗುಟ್ಟನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂವತ್ತೈದರಲ್ಲೊಂದು ಪಾಲು ಎಂಬುದು ಇದರಲ್ಲಿ ಬಹುವಾಗಿ ರೂಢಿಯಲ್ಲಿರುವ ಪ್ರಮಾಣ. ಆ ಲೆಕ್ಕದಲ್ಲಿ ಆರಡಿಯ ಆಳು 5 ಸೆಂಟಿಮೀಟರಿಗೆ ಇಳಿಯುತ್ತಾನೆ, ಒಂಬತ್ತು ಅಂಗುಲದ ಇಟ್ಟಿಗೆಯು ಆರೂವರೆ ಮಿಲಿಮೀಟರ್ ಆಗುತ್ತದೆ. ಸನ್‌ಬೋರ್ಡು, ಪ್ಲಾಸ್ಟರ್, ಫೆವಿಕಾಲ್, ಎಂ-ಸೀಲ್ ಇವು ನಮ್ಮ ಕಡೆಯ ಹವ್ಯಾಸಿಗೆ ಮೂಲೆಯಂಗಡಿಯಲ್ಲಿಯೇ ದೊರೆಯುವ ಸಾಮಗ್ರಿಗಳು. ತುಕ್ಕು ಹಿಡಿದ ಲಾರಿಯನ್ನು ಮಾಡಬೇಕಾದಾಗ ಮೊದಲು ಇಡೀ ಮೈಗೆ ತುಕ್ಕಿನ ಕಂದುಬಣ್ಣವನ್ನು ಬಳಿಯುತ್ತಾರೆ. ಅದು ಒಣಗಿದ ಮೇಲೆ, ತುಕ್ಕು ಕಾಣಬೇಕಾದ ಎಡೆಗಳನ್ನು ಮಾತ್ರ ಒದ್ದೆಮಾಡಿ ಉಪ್ಪಿನ ಹರಳುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಲಾರಿಯ ನಿಜವಾದ ಬಣ್ಣವನ್ನು ಹಾಯಿಸಿ, ಪೂರ್ತಿ ಒಣಗಿದ ತರುವಾಯ ಉಪ್ಪನ್ನು ಉಜ್ಜಿ ತೆಗೆಯುತ್ತಾರೆ. ಹರಳು ಕುಳಿತಿದ್ದಲ್ಲೆಲ್ಲ ಬಣ್ಣವು ಕಿತ್ತುಬಂದು, ಅಡಿಯ ಕಂದು ಇಣುಕುತ್ತದೆ. ಬಳಿಕ ತೆಳ್ಳಗೆ ನೀರಾಗಿಸಿದ ಕಪ್ಪುಬಣ್ಣವನ್ನು ಸಂದುಗಳಿಗೆ ಹರಿಯಬಿಟ್ಟು, ಬಹುಪಾಲು ಬಣ್ಣವನ್ನು ಒರೆಸಿದ ಕುಂಚದಿಂದ ಅಂಚುಗಳನ್ನು ಸವರುತ್ತಾರೆ.

ಕೈಚಳಕವೊಂದೇ ಇಲ್ಲಿ ಸಾಲದು. ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ತುಕ್ಕು ಮೊದಲು ಹುಟ್ಟುತ್ತದೆ: ಬಾಗಿಲಿನ ಕೆಳಗಿನ ಅಂಚು, ಗಾಲಿಯ ಮೇಲಿನ ಕಮಾನು, ಗಾಜಿನ ಸುತ್ತಣ ರಬ್ಬರಿನ ಅಡಿ. ಗೋಡೆಯ ಹಾವಸೆಯು ಬಿಸಿಲು ಸೋಕದ ಮಗ್ಗುಲನ್ನು ಹುಡುಕುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿಯ ಬೀಜವು ಕೈಪಿಡಿಗೋಡೆಯ ತಲೆಯ ಮೇಲೆ, ಗಾರೆ ಬಿರಿದೆಡೆಯಲ್ಲಿ, ಮೊಳೆಯುತ್ತದೆ. ಅದರ ಬೇರು ಇಟ್ಟಿಗೆಯ ವರಸೆಯನ್ನು ಅನುಸರಿಸಿ ಇಳಿದು, ಕೊನೆಗೆ ಆ ವರಸೆಯನ್ನೇ ಸೀಳುತ್ತದೆ. ಇವೆಲ್ಲವನ್ನೂ ಕಣ್ಣಾರೆ ನೋಡಿ, ಕಾರಣವನ್ನು ತಿಳಿದು ಮಾಡಿದವನ ಕೃತಿಗೂ, ಕಂದುಬಣ್ಣವನ್ನು ಕಂಡಲ್ಲಿ ಚೆಲ್ಲಿದವನ ಕೃತಿಗೂ ಅಜಗಜಾಂತರ. ಒಳ್ಳೆಯ ಕಿರುಶಿಲ್ಪಿಯು ಒಂದು ಕಟ್ಟಡ ಸಾಯುವ ಕ್ರಮವನ್ನು ವೈದ್ಯನಷ್ಟೇ ನಿಷ್ಠೆಯಿಂದ ಅಭ್ಯಾಸ ಮಾಡಿರುತ್ತಾನೆ.

ಇಂತಹ ಅಭ್ಯಾಸಕ್ಕೆ ಮಕರಪುರದ ಆಸುಪಾಸಿನಲ್ಲಿ ವಿಷಯಕ್ಕೇನೂ ಕೊರತೆಯಿಲ್ಲ. ಬೇಟೆಯ ಅರಮನೆಯನ್ನು ಕಟ್ಟಿಸಿದ ಖಂಡೇರಾಯನೇ 1862ರಲ್ಲಿ ಡಭೋಯಿಯಿಂದ ಮಿಯಾಗಾಮಿನವರೆಗೆ ಎರಡೂವರೆ ಅಡಿ ಅಗಲದ ಕಂಬಿಗಳ ದಾರಿಯನ್ನು ಹಾಕಿಸಿದ್ದನು. ಅದು ಭಾರತದ ಮೊದಲ ನ್ಯಾರೋಗೇಜ್ ಮಾರ್ಗ. ಅದರ ಮೇಲೆ ಬಂಡಿಗಳನ್ನು ಎಳೆದುವು ಎತ್ತುಗಳು! ಮರುವರ್ಷ ಗ್ಲಾಸ್ಗೋದ ನೀಲ್ಸನ್ ಕಂಪನಿಯ ಉಗಿಯಂತ್ರ ಬಂದಿತಾದರೂ, ಆ ಹಗುರವಾದ ಕಂಬಿಗಳು ಅದರ ಭಾರವನ್ನು ತಾಳಲಾರದೆ ಹೋದುವು. ಬಲವಾದ ಕಂಬಿಗಳನ್ನು ಹೊಸತಾಗಿ ಹಾಸಿ, ಉಗಿಯಂತ್ರಗಳ ಸಂಚಾರವು ಕ್ರಮಬದ್ಧವಾಗುವ ತನಕ ಎತ್ತುಗಳೇ ಗತಿಯಾಗಿದ್ದುವು. ಮುಂದೆ ಕವಲುಗಳು ಬೆಳೆದು ಡಭೋಯಿಯು ಏಷ್ಯಾದಲ್ಲಿಯೇ ಹೆಸರಾಂತ ನ್ಯಾರೋಗೇಜ್ ಸಂಧಿಸ್ಥಾನವಾಯಿತು. ಹತ್ತಿಯೂ ಧಾನ್ಯವೂ ಯಾತ್ರಿಕರೂ ಈ ಪುಟ್ಟ ಗಾಡಿಗಳಲ್ಲಿ ಒಂದೂಕಾಲು ಶತಮಾನಕ್ಕೂ ಮೀರಿ ಸಂಚರಿಸಿದ ಮೇಲೆ, ಒಂದೊಂದಾಗಿ ಕವಲುಗಳು ಅಗಲವಾದ ದಾರಿಗೆ ಎಡೆಗೊಟ್ಟುವು; 2021ರ ಜನವರಿಯಲ್ಲಿ ಡಭೋಯಿಯ ಮೂಲಕ ಕೇವಡಿಯಾದವರೆಗೆ ಬ್ರಾಡ್‌ಗೇಜ್ ರೈಲು ಓಡಿತು. ಹಳೆಯ ಯಂತ್ರಗಳಲ್ಲಿ ಕೆಲವು ವಡೋದರೆಯ ಪ್ರತಾಪನಗರದ ರೈಲ್ವೆ ಪಾರಂಪರಿಕ ಉದ್ಯಾನದಲ್ಲಿ ಬಣ್ಣ ಬಳಿಸಿಕೊಂಡು ನಿಂತಿವೆ. ಆ ಹೊಸ ಬಣ್ಣದಡಿಯಲ್ಲಿ ಅವುಗಳ ದುಡಿಮೆಯ ಗುರುತುಗಳು ಮುಚ್ಚಿಹೋಗಿವೆ; ಸವೆದ ಮೆಟ್ಟಿಲು, ಕಲ್ಲಿದ್ದಲ ಮಸಿ, ಕೈತಾಗಿ ನುಣುಪಾದ ಹಿಡಿಕೆ ಇವುಗಳನ್ನು ತೋರಿಸುವ ಒಂದು ಕಿರುರೂಪವು ಪಕ್ಕದಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿದ್ದಿತು! ಆ ಎರಡೂವರೆ ಅಡಿಯ ದಾರಿಯು ಹಿಂದೆ ಹೇಳಿದ ಪ್ರಮಾಣದಲ್ಲಿ ಸುಮಾರು 22 ಮಿಲಿಮೀಟರಿಗೆ ಬರುತ್ತದೆ.

ವಡೋದರೆಯಲ್ಲಿಯೇ ಇರುವ ಗಾಯಕವಾಡರ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲಿ ಮಾವಿನ ತೋಪನ್ನು ಸುತ್ತುವರಿದು ರಾಜಕುಮಾರರನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಪುಟಾಣಿ ರೈಲೊಂದಿದ್ದಿತು. ಆ ಶಾಲೆಯ ಕಟ್ಟಡವೇ ಈಗ ಮಹಾರಾಜಾ ಫತೇಸಿಂಹ ವಸ್ತುಸಂಗ್ರಹಾಲಯ; ದುರಸ್ತಿಗೊಂಡ ಪುಟ್ಟ ಎಂಜಿನ್ನು ಅದರ ಬಾಗಿಲಲ್ಲಿ ನಿಂತಿದೆ. ರಾಜಮನೆತನದ ಮಕ್ಕಳ ಆಟದ ರೈಲಿಗೆ ದೊರೆತ ಆರೈಕೆಯು ರೈತನ ಹತ್ತಿಯನ್ನು ಹೊತ್ತ ಪ್ರತಿಯೊಂದು ಬೋಗಿಗೂ ದೊರೆಯುವುದು ಸಾಧ್ಯವಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲು ನಮ್ಮಲ್ಲಿ ಸ್ಥಳವೂ ಇಲ್ಲ, ಧನವೂ ಇಲ್ಲ. ಆದರೆ ಎಲ್ಲದರ ಅಳತೆಯನ್ನು ತೆಗೆದಿಡಬಹುದು. ಎಲ್ಲದರ ಕಿರುರೂಪವನ್ನೂ ಒಂದು ಕಪಾಟಿನಲ್ಲಿ ಇಡಬಹುದು.

ಬರೋಡೆಯ ವಿಶ್ವವಿದ್ಯಾನಿಲಯದಲ್ಲಿ 1950ರಿಂದ ಲಲಿತಕಲೆಗಳ ವಿಭಾಗವಿದೆ. ಸಯಾಜಿರಾಯರ ಕಲಾಭವನವೂ ಅದರ ತಾಂತ್ರಿಕ ವಿಭಾಗವಾಗಿ ಜೀವಂತವಾಗಿದೆ. ನಮ್ಮ ಕನ್ನಡನಾಡಿನಲ್ಲಿಯೂ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದಂದಿನಿಂದ, ಅಲ್ಲಿನ ಉಕ್ಕಿನ ಗೋಪುರಗಳೂ ಕೂಲಿಗಾರರ ಸಾಲುಮನೆಗಳೂ ವರ್ಷವರ್ಷಕ್ಕೂ ಕರಗುತ್ತಿವೆ. ಕೈಯಲ್ಲಿ ಕಸುಬೂ ಕಣ್ಣಲ್ಲಿ ತಾಳ್ಮೆಯೂ ಉಳ್ಳ ತರುಣ ತರುಣಿಯರು, ಮಕರಪುರದಲ್ಲಿರಲಿ, ಡಭೋಯಿಯಲ್ಲಿರಲಿ, ಕೋಲಾರದಲ್ಲಿರಲಿ, ಅಪ್ಪಣೆ ಪಡೆದು ಒಂದು ಅಳತೆಪಟ್ಟಿಯೊಡನೆ ಈ ಗೋಡೆಗಳ ಬಳಿಗೆ ಹೋಗಲಿ. ಬಾಗಿಲಿನ ಅಗಲ, ಇಟ್ಟಿಗೆಯ ಉದ್ದ, ಬಿರುಕಿನ ದಿಕ್ಕು, ತುಕ್ಕಿನ ಬಣ್ಣ ಎಲ್ಲವನ್ನೂ ಬರೆದುಕೊಳ್ಳಲಿ. ಅವರ ಕೈಯಿಂದ ಮೂಡುವ ಕಿರುರೂಪಗಳಿಗೆ ಆಯಾ ಊರಿನ ಶಾಲೆಯವರೂ ಗ್ರಂಥಾಲಯದವರೂ ಒಂದೊಂದು ಗಾಜಿನ ಪೆಟ್ಟಿಗೆಯನ್ನು ಕೊಡುವಂತಾಗಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಈ ಕೆಲಸವನ್ನು ಆರಂಭಿಸಬೇಕೆಂದು ನನ್ನ ಪ್ರಾರ್ಥನೆ.